ಹೊಲದಿಂದ ಶಾಸನಸಭೆಗೆ: ಪಾಷಾ ಆಂಗೆಲಿನಾ

ಅಂತಿಮ ಬಿ.ಎ. ವಿದ್ಯಾರ್ಥಿನಿ

ಮಹಾಪುರುಷರ ಚರಿತ್ರೆಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿವೆ. ಅರಸರು, ಸೇನಾಪತಿಗಳು, ಕವಿಗಳು, ವಿಜ್ಞಾನಿಗಳು, ಇವರೆಲ್ಲರ ಹುಟ್ಟು, ಬೆಳವಣಿಗೆ, ಸಾಧನೆಗಳನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆಯುತ್ತೇವೆ. ಆದರೆ ಮಣ್ಣಿನಲ್ಲಿ ದುಡಿದ ಹೆಂಗಸೊಬ್ಬಳ ಚರಿತ್ರೆಯನ್ನು ನಾನು ಕಾಲೇಜಿಗೆ ಬರುವವರೆಗೂ ಓದಿರಲಿಲ್ಲ. ಹೆಂಗಸರು ಮಣ್ಣಿನಲ್ಲಿ ದುಡಿಯುವುದನ್ನು ಮಾತ್ರ ಬುದ್ಧಿ ಬಂದಂದಿನಿಂದ ನೋಡುತ್ತಲೇ ಇದ್ದೇನೆ.

ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಊರು. ಮೇಲಿನವರ ಗದ್ದೆಗಳೆಲ್ಲ ಕುಡಿದು ಉಳಿದ ಮೇಲೆ ನಮಗೆ ನೀರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಬೆಳಿಗ್ಗೆ ಬಸ್ಸು ಹಿಡಿದು ಮದ್ದೂರಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ಮಂಡ್ಯ ಸೇರುತ್ತೇನೆ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆ. ಸೊಂಟ ಬಗ್ಗಿಸಿ ನಾಟಿ ಹಾಕುತ್ತಿರುವವರು ಹೆಂಗಸರು; ಕಳೆ ಕೀಳುತ್ತಿರುವವರು ಹೆಂಗಸರು; ಸೊಪ್ಪಿನ ಹೊರೆ ಹೊತ್ತು ನಡೆಯುತ್ತಿರುವವರೂ ಹೆಂಗಸರೇ. ಟ್ರಾಕ್ಟರಿನ ಮೇಲೆ ಕುಳಿತಿರುವವರು ಮಾತ್ರ ಗಂಡಸರು. ಇದು ನನಗೆ ಎಂದೂ ವಿಚಿತ್ರವೆಂದು ತೋರಿರಲಿಲ್ಲ.

ಕಳೆದ ವರ್ಷ ಗ್ರಂಥಾಲಯದ ಹಳೆಯ ಪುಸ್ತಕಗಳ ರಾಶಿಯಲ್ಲಿ, ಮಾಸ್ಕೋದಲ್ಲಿ ಅಚ್ಚಾದ ಇಂಗ್ಲಿಷಿನ ಸಣ್ಣ ಪುಸ್ತಕವೊಂದು ಕೈಗೆ ಸಿಕ್ಕಿತು. ಅಮೆರಿಕದಲ್ಲಿ ಸಿದ್ಧವಾಗುತ್ತಿದ್ದ ಒಂದು ಜೀವನಚರಿತ್ರಕೋಶದವರು ಕಳಿಸಿದ ಪ್ರಶ್ನಾವಳಿಗೆ ರಷ್ಯದ ರೈತ ಹೆಂಗಸೊಬ್ಬಳು ಬರೆದ ಉತ್ತರವೇ ಆ ಪುಸ್ತಕ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ವಾರ ಓದಿದೆ. ಆಮೇಲೆ ಅವಳ ಕಾಲದ ಚರಿತ್ರೆಯನ್ನು ಬೇರೆ ಪುಸ್ತಕಗಳಲ್ಲಿ ಹುಡುಕಿದೆ. ಆ ಪುಸ್ತಕಗಳು ಹೇಳಿದ ಎಷ್ಟೋ ಸಂಗತಿಗಳನ್ನು ಅವಳ ಪುಸ್ತಕ ಹೇಳಿರಲಿಲ್ಲ. ಎರಡನ್ನೂ ಸೇರಿಸಿ ಅವಳ ಬಾಳನ್ನು ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಅವಳ ಪೂರ್ಣ ಹೆಸರು ಪ್ರಸ್ಕೋವ್ಯಾ ನಿಕಿತಿಚ್ನಾ ಆಂಗೆಲಿನಾ. ಪಾಷಾ ಎಂಬುದು ಸಲಿಗೆಯ ಹೆಸರು. ಲೋಕಕ್ಕೂ ಅದೇ ಹೆಸರು ಉಳಿಯಿತು. 1913ರ ಜನವರಿ 12ರಂದು, ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿದ್ದ ಸ್ತಾರೊಬೆಶೆವೊ ಎಂಬ ಹಳ್ಳಿಯಲ್ಲಿ ಅವಳು ಹುಟ್ಟಿದಳು. ಈ ಊರು ಉಕ್ರೇನಿನ ದೊನೆತ್ಸ್ಕ್ ಪ್ರಾಂತದಲ್ಲಿ ಕಾಲ್ಮಿಯುಸ್ ನದಿಯ ದಡದಲ್ಲಿದೆ. ಒಂದು ಕಡೆ ಕಲ್ಲಿದ್ದಲ ಗಣಿಗಳು. ಇನ್ನೊಂದು ಕಡೆ ಗೋಧಿ, ಸೂರ್ಯಕಾಂತಿ ಬೆಳೆಯುವ ಕಪ್ಪು ಎರೆಮಣ್ಣಿನ ಬಯಲು. ಅಲ್ಲಿಯ ಜನ ಗ್ರೀಕ್ ಮೂಲದವರು. 18ನೆಯ ಶತಮಾನದ ಕೊನೆಯಲ್ಲಿ, ಕ್ಯಾಥರೀನ್ ಮಹಾರಾಣಿಯ ಕಾಲದಲ್ಲಿ, ಕ್ರಿಮಿಯಾದಿಂದ ಬಂದು ಆ ಬಯಲಿನಲ್ಲಿ ನೆಲೆಸಿದವರು.

ಪಾಷಾಳದು ಬಡ ರೈತರ ಮನೆ. ಮಕ್ಕಳು ಹಲವರು, ಅನ್ನ ಅಲ್ಪ. ಆಡುವ ವಯಸ್ಸಿನಲ್ಲೇ ಅವಳು ಪರರ ಮನೆಯ ಕೂಲಿಗೆ ನಿಂತಳು. ಇಂಥ ಬಾಲ್ಯವನ್ನು ವಿವರಿಸಲು ನಮ್ಮ ಕಡೆಯವರಿಗೆ ಹೆಚ್ಚು ಮಾತು ಬೇಕಾದುದಿಲ್ಲ. 1917ರಲ್ಲಿ ರಷ್ಯದಲ್ಲಿ ಕ್ರಾಂತಿಯಾದಾಗ ಅವಳಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಚಕ್ರವರ್ತಿ ಹೋದ, ಜಮೀನ್ದಾರರು ಹೋದರು, ಭೂಮಿ ರೈತರದೆಂದು ಹೊಸ ಸರಕಾರ ಸಾರಿತು. ಆದರೆ ಅಂತರ್ಯುದ್ಧ ಬಂತು. ಅದರ ಬೆನ್ನಿಗೆ 1921ರಲ್ಲಿ ಕ್ಷಾಮವೂ ಬಂತು. ಬಡವರ ಮನೆಯ ಗಡಿಗೆಯಲ್ಲಿ ಹಿಟ್ಟು ತುಂಬಲು ಬರಿಯ ಘೋಷಣೆ ಸಾಲದಾಯಿತು.

1929ರಲ್ಲಿ ಸ್ಟಾಲಿನ್ ಸರಕಾರ ಸಾಮೂಹಿಕ ಬೇಸಾಯವನ್ನು ದೇಶದ ಮೇಲೆ ಹೇರತೊಡಗಿತು. ರೈತರು ತಮ್ಮ ತಮ್ಮ ಹೊಲ, ದನ, ನೇಗಿಲುಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ದೊಡ್ಡ ಕ್ಷೇತ್ರವಾಗಿ ದುಡಿಯಬೇಕು. ಬಂದ ಬೆಳೆಯಲ್ಲಿ ಸರಕಾರದ ಪಾಲು ಮೊದಲು, ಉಳಿದುದು ದುಡಿದವರಿಗೆ. ಇಂಥ ಕ್ಷೇತ್ರಕ್ಕೆ ಕಲ್ಖೋಜ್ ಎಂದು ಹೆಸರು. ಟ್ರಾಕ್ಟರುಗಳು ಮಾತ್ರ ಕಲ್ಖೋಜಿನ ಕೈಗೆ ಸಿಗುತ್ತಿರಲಿಲ್ಲ. ಅವುಗಳಿಗೆ ಪ್ರತ್ಯೇಕವಾದ ಸರಕಾರಿ ಠಾಣೆಗಳಿದ್ದವು. ಸುತ್ತಣ ಹಳ್ಳಿಗಳ ಉಳುಮೆಯನ್ನು ಆ ಠಾಣೆಯವರೇ ಮಾಡಿಕೊಟ್ಟು, ಅದರ ಕೂಲಿಯನ್ನು ಧಾನ್ಯದ ರೂಪದಲ್ಲಿ ಪಡೆಯುತ್ತಿದ್ದರು. ಆದುದರಿಂದ ಟ್ರಾಕ್ಟರು ನಡೆಸುವವನೆಂದರೆ ಹಳ್ಳಿಯಲ್ಲಿ ದೊಡ್ಡ ಮನುಷ್ಯ.

ಆ ಯಂತ್ರವನ್ನು ತಾನೂ ನಡೆಸಬೇಕೆಂದು 16 ವರ್ಷದ ಪಾಷಾ ಹಟ ಹಿಡಿದಳು. ಮನೆಯವರು ಬೇಡವೆಂದರು, ಊರವರು ನಕ್ಕರು. ಅವಳು 1929ರಲ್ಲಿ ತರಬೇತಿಗೆ ಸೇರಿ, 1930ರ ವಸಂತದಲ್ಲಿ ಹೊಲಕ್ಕೆ ಟ್ರಾಕ್ಟರು ಇಳಿಸಿಯೇ ಬಿಟ್ಟಳು. ಆ ಕಾಲದ ಟ್ರಾಕ್ಟರು ಈಗಿನಂತಹುದಲ್ಲ. ನೆತ್ತಿಯ ಮೇಲೆ ಮಾಡಿಲ್ಲ. ಚಕ್ರಗಳು ಬರಿಯ ಕಬ್ಬಿಣದವು. ಮುಂದೆ ನಿಂತು ಕೈಯಿಂದ ಹಿಡಿಕೆ ತಿರುಗಿಸಿ ಚಾಲೂ ಮಾಡಬೇಕು. ಹಿಡಿಕೆ ಹಿಂದಕ್ಕೆ ಒದ್ದರೆ ತೋಳಿನ ಮೂಳೆ ಮುರಿಯುವುದೂ ಉಂಟು. ಸೀಮೆಎಣ್ಣೆಯ ಹೊಗೆ ನೇರವಾಗಿ ಮುಖಕ್ಕೆ. ಹಗಲು ಇರುಳೆನ್ನದೆ ಪಾಳಿಯ ಮೇಲೆ ಉಳಬೇಕು. ಇದು ಗಂಡಸಿಗೇ ಕಷ್ಟವಾದ ಕೆಲಸ ಎಂದು ಹೇಳುವವರಿದ್ದರು. ನಾಟಿ, ಕಳೆ, ಕುಯ್ಲುಗಳಲ್ಲಿ ಹೆಂಗಸರ ಬೆನ್ನು ಮುರಿಯುವುದನ್ನು ಯಾರೂ ಕಷ್ಟದ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಷ್ಟೆ.

1933ರಲ್ಲಿ ಪಾಷಾ ಇನ್ನೊಂದು ಹೆಜ್ಜೆ ಮುಂದೆ ಹೋದಳು. ತನ್ನ ಊರಿನ ಠಾಣೆಯಲ್ಲಿ ಹೆಣ್ಣುಮಕ್ಕಳದೇ ಒಂದು ಟ್ರಾಕ್ಟರು ಪಡೆಯನ್ನು ಕಟ್ಟಿದಳು. ದೇಶದಲ್ಲೇ ಹೆಸರಾದ ಮೊದಲ ಮಹಿಳಾ ಟ್ರಾಕ್ಟರು ಪಡೆ ಅದು. ಮೊದಲ ದಿನ ಅವರು ಹೊಲಕ್ಕೆ ಹೊರಟಾಗ ಅಡ್ಡ ಬಂದವರು ಗಂಡಸರಲ್ಲ, ಆ ಊರಿನ ಹೆಂಗಸರೇ ಎಂಬುದು ಗಮನಿಸತಕ್ಕ ಸಂಗತಿ. ಹೆಣ್ಣು ನಡೆಸುವ ಯಂತ್ರ ತಮ್ಮ ಹೊಲಕ್ಕೆ ಕಾಲಿಡಕೂಡದೆಂದು ದಾರಿಗಟ್ಟಿ ಕೂಗಾಡಿದರು. ಮುಂದೆ ಬಂದರೆ ಜಡೆ ಹಿಡಿದು ಎಳೆಯುವುದಾಗಿ ಹೆದರಿಸಿದರು. ಠಾಣೆಯ ರಾಜಕೀಯ ವಿಭಾಗದ ಅಧಿಕಾರಿ ಬಂದು ನಿಂತ ಮೇಲೆಯೇ ದಾರಿ ಬಿಟ್ಟದ್ದು. ಇದನ್ನು ಓದಿದಾಗ ನನಗೆ ನಮ್ಮಜ್ಜಿಯ ನೆನಪಾಯಿತು. ಹೆಣ್ಣು ಮೇಳಿ ಹಿಡಿದರೆ ಮಳೆ ಹೋಗುತ್ತದೆಂದು ಆಕೆ ಕಡೆಯವರೆಗೂ ನಂಬಿದ್ದಳು. ಆಕೆಯೂ ಗದ್ದೆಯಲ್ಲೇ ಬಾಳು ಸವೆಸಿದವಳು.

ವರ್ಷ ಕಳೆಯುವುದರೊಳಗೆ ಪಾಷಾಳ ಪಡೆ ಠಾಣೆಯ ಮುಂಚೂಣಿಗೆ ಬಂತು. ಇದರ ಗುಟ್ಟು ತೋಳಿನ ಬಲಕ್ಕಿಂತ ಹೆಚ್ಚಾಗಿ ಶಿಸ್ತಿನಲ್ಲಿತ್ತು. ಯಂತ್ರ ಕೆಟ್ಟ ಮೇಲೆ ರಿಪೇರಿ ಮಾಡುವ ಬದಲು ಕೆಡುವ ಮೊದಲೇ ಬಿಚ್ಚಿ ನೋಡುವುದು, ಎಣ್ಣೆಯನ್ನು ಹೊಲದ ಬದಿಗೇ ತರಿಸಿಕೊಂಡು ಹೊತ್ತು ಉಳಿಸುವುದು, ಪಾಳಿ ಬದಲಾಗುವಾಗ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದು, ಇವೇ ಆ ಶಿಸ್ತು. 1935ರ ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಸೇರಿದ ಸಾಮೂಹಿಕ ಕ್ಷೇತ್ರಗಳ ಶ್ರೇಷ್ಠ ದುಡಿಮೆಗಾರರ ಸಮ್ಮೇಳನದಲ್ಲಿ, ಸ್ಟಾಲಿನನ ಎದುರಿಗೇ ನಿಂತು, ಒಂದೊಂದು ಟ್ರಾಕ್ಟರಿನಿಂದ ವರ್ಷಕ್ಕೆ 1,200 ಹೆಕ್ಟೇರು ಉಳುವುದಾಗಿ ಅವಳು ಮಾತು ಕೊಟ್ಟಳು. ವರ್ಷದ ಕೊನೆಗೆ ಲೆಕ್ಕ ನೋಡಿದಾಗ ಅದು 1,225 ಹೆಕ್ಟೇರು ಆಗಿತ್ತು. ನಮ್ಮ ಅಳತೆಯಲ್ಲಿ ಸುಮಾರು 3,000 ಎಕರೆ. ಒಂದೇ ಹೊಲವನ್ನು ಹಲವು ಸಾರಿ ಉತ್ತು ಹರಗುವುದೆಲ್ಲ ಈ ಲೆಕ್ಕದಲ್ಲಿ ಸೇರುತ್ತದೆ. ಆದರೂ ಇದು ಸಾಮಾನ್ಯ ಕೆಲಸವಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವಳಿಗೆ ಲೆನಿನ್ ಪದಕ ದೊರೆಯಿತು. ಅದೇ 1935ರ ಆಗಸ್ಟಿನಲ್ಲಿ, ಅದೇ ಗಣಿಸೀಮೆಯಲ್ಲಿ ಸ್ತಖಾನೋವ್ ಎಂಬ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ನು ಕಲ್ಲಿದ್ದಲು ಕಡಿದು ಪ್ರಸಿದ್ಧನಾಗಿದ್ದ. ಗಣಿಗೆ ಸ್ತಖಾನೋವ್, ಹೊಲಕ್ಕೆ ಪಾಷಾ. ಪತ್ರಿಕೆಗಳಲ್ಲಿ, ಭಿತ್ತಿಚಿತ್ರಗಳಲ್ಲಿ ಎಲ್ಲೆಲ್ಲೂ ಅವರ ಮುಖವೇ.

1937ರ ಡಿಸೆಂಬರ್ 12ರಂದು ನಡೆದ ಚುನಾವಣೆಯಲ್ಲಿ ಅವಳು ಸೋವಿಯತ್ ದೇಶದ ಪರಮೋಚ್ಚ ಶಾಸನಸಭೆಗೆ ಸದಸ್ಯಳಾದಳು. ವಯಸ್ಸು ಆಗ 24. ಕೂಲಿ ಮಾಡಿದ ಹುಡುಗಿ ಕ್ರೆಮ್ಲಿನ್ ಅರಮನೆಯಲ್ಲಿ ಕುಳಿತಳು. ಸಾಯುವವರೆಗೂ ಚುನಾವಣೆಯಿಂದ ಚುನಾವಣೆಗೆ ಆ ಸ್ಥಾನ ಅವಳಿಗೇ ಉಳಿಯಿತು. 1938ರಲ್ಲಿ, ಒಂದು ಲಕ್ಷ ಗೆಳತಿಯರು ಟ್ರಾಕ್ಟರು ಹತ್ತಬೇಕೆಂದು ಅವಳು ದೇಶದ ಹೆಣ್ಣುಮಕ್ಕಳಿಗೆ ಕರೆಕೊಟ್ಟಳು. ಎರಡು ಲಕ್ಷ ಮಂದಿ ಮುಂದೆ ಬಂದರೆಂದು ಸೋವಿಯತ್ ಲೆಕ್ಕಗಳು ಹೇಳುತ್ತವೆ.

ಇಲ್ಲಿಯವರೆಗಿನ ಕಥೆಯನ್ನು ಓದಿ ನಾನು ಹಿಗ್ಗಿದ್ದೆ. ಇಷ್ಟನ್ನೇ ಬರೆದು ಲೇಖನ ಮುಗಿಸಿದ್ದರೆ ಸುಲಭವಾಗುತ್ತಿತ್ತು. ಆದರೆ ಅವಳ ಪುಸ್ತಕ ಹೇಳದ ಸಂಗತಿಗಳನ್ನೂ ಹೇಳದೆ ಹೋದರೆ ವಾಚಕರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಪಾಷಾ ತನ್ನ ಪಡೆಯನ್ನು ಕಟ್ಟಿದ 1933ನೆಯ ವರ್ಷ ಉಕ್ರೇನಿನಲ್ಲಿ ಘೋರ ಕ್ಷಾಮದ ವರ್ಷ. ಮಳೆ ಹೋಗಿ ಬಂದ ಕ್ಷಾಮ ಅದಲ್ಲ. ಸರಕಾರ ಗೊತ್ತುಮಾಡಿದ ಧಾನ್ಯದ ಪಾಲನ್ನು, ಬೆಳೆ ಬಂದಿರಲಿ ಬಾರದಿರಲಿ, ಮನೆಮನೆ ಹೊಕ್ಕು ಎತ್ತಿಕೊಂಡು ಹೋದುದರಿಂದ ಬಂದದ್ದು. 1932ರ ಆಗಸ್ಟ್ 7ರಂದು ಹೊರಟ ಒಂದು ಕಾನೂನಿನ ಪ್ರಕಾರ ಸಾಮೂಹಿಕ ಕ್ಷೇತ್ರದ ಸೊತ್ತನ್ನು ಕದ್ದವರಿಗೆ ಮರಣದಂಡನೆ, ಇಲ್ಲವೆ ಹತ್ತು ವರ್ಷ ಸೆರೆ. ಕುಯ್ದ ಹೊಲದಲ್ಲಿ ಬಿದ್ದ ನಾಲ್ಕು ತೆನೆ ಆಯ್ದುಕೊಂಡವರೂ ಈ ಕಾನೂನಿಗೆ ಸಿಕ್ಕಿದರು. ನಮ್ಮಲ್ಲಿ ಹಕ್ಕಲು ಆಯುವುದು ಬಡವರ ಹಕ್ಕು. ಕುಯ್ಲು ಮುಗಿದ ಗದ್ದೆಯಲ್ಲಿ ಹಕ್ಕಲು ತೆನೆ ಆಯಲು ಬಂದವರನ್ನು ಎಂಥ ಜಿಪುಣನೂ ಅಟ್ಟುವುದಿಲ್ಲ. ಆ ದೇಶದಲ್ಲಿ ಅದು ಸಾವಿನ ಅಪರಾಧವಾಯಿತು. ಉಕ್ರೇನಿನಲ್ಲಿ ಹಸಿವಿನಿಂದ ಸತ್ತವರು 30 ಲಕ್ಷಕ್ಕೂ ಮಿಗಿಲೆಂದು ಚರಿತ್ರಕಾರರು ಲೆಕ್ಕಹಾಕಿದ್ದಾರೆ. ಅದಕ್ಕೂ ಮೊದಲು, ಸ್ವಲ್ಪ ಅನುಕೂಲವಂತರಾಗಿದ್ದ ರೈತರನ್ನು ಕುಲಕ್ ಎಂದು ಹೆಸರಿಟ್ಟು, ಲಕ್ಷಗಟ್ಟಲೆ ಕುಟುಂಬಗಳನ್ನು ಊರು ಬಿಡಿಸಿ ದೂರದ ಸೈಬೀರಿಯ ಮೊದಲಾದ ಕಡೆಗೆ ಅಟ್ಟಿದ್ದರು. ಹೊಲದ ಒಡೆಯರು ಹೋದರು, ದನಗಳು ಸತ್ತವು. ಅವುಗಳ ಜಾಗಕ್ಕೆ ಟ್ರಾಕ್ಟರು ಬಂತು. ಪಾಷಾಳ ಟ್ರಾಕ್ಟರು ಉತ್ತದ್ದು ಈ ನೆಲವನ್ನೇ.

ಇನ್ನೊಂದು ಸಂಗತಿ ಇದಕ್ಕಿಂತಲೂ ಹತ್ತಿರದ್ದು. ಪಾಷಾ ಶಾಸನಸಭೆಗೆ ಆಯ್ಕೆಯಾದುದು 1937ರ ಡಿಸೆಂಬರ್ 12ರಂದು ಎಂದೆನಷ್ಟೆ. ಅದರ ಹಿಂದಿನ ದಿನ, ಡಿಸೆಂಬರ್ 11ರಂದು, ಸೋವಿಯತ್ ದೇಶದ ಗ್ರೀಕರನ್ನು ಬೇಹುಗಾರರೆಂಬ ಸಂಶಯದ ಮೇಲೆ ಹಿಡಿಯಬೇಕೆಂದು ಗುಪ್ತ ಪೊಲೀಸರ ಆಜ್ಞೆ ಹೊರಟಿತು. ಸಾವಿರಾರು ಗ್ರೀಕರನ್ನು ಹಿಡಿದರು. ಬಹುಮಂದಿಯನ್ನು ಗುಂಡಿಟ್ಟು ಕೊಂದರು. ಅವಳ ಸೀಮೆಯ ಗ್ರೀಕ್ ಶಾಲೆಗಳು ಮುಚ್ಚಿಹೋದವು. ಅವಳ ಜನಕ್ಕೆ ಹೀಗಾಗುತ್ತಿದ್ದಾಗ ಅವಳು ಅವರ ಪ್ರತಿನಿಧಿಯಾಗಿ ಮಾಸ್ಕೋದಲ್ಲಿ ಕುಳಿತಿದ್ದಳು. ಅವಳ ಪುಸ್ತಕದಲ್ಲಿ ಇದರ ಸೊಲ್ಲಿಲ್ಲ.

ಅವಳು ಏಕೆ ಮಾತಾಡಲಿಲ್ಲ? ಅಂದಿನ ಚುನಾವಣೆಯಲ್ಲಿ ಒಂದೊಂದು ಸ್ಥಾನಕ್ಕೆ ಒಬ್ಬರೇ ಅಭ್ಯರ್ಥಿ, ಬೇರೆಯವರು ನಿಲ್ಲುವಂತಿಲ್ಲ. ಆ ಸಭೆ ವರ್ಷಕ್ಕೆ ಕೆಲವೇ ದಿನ ಸೇರುತ್ತಿತ್ತು. ಮೇಲಿನವರು ತಂದ ಗೊತ್ತುವಳಿಗಳಿಗೆ ಎಲ್ಲರೂ ಒಟ್ಟಿಗೆ ಕೈ ಎತ್ತುತ್ತಿದ್ದರು. ಇಲ್ಲ ಎಂದವರಿಗೆ ಅಲ್ಲಿ ಜಾಗವಿರಲಿಲ್ಲ. ಎಷ್ಟೋ ವೇಳೆ ಪ್ರಾಣವೂ ಉಳಿಯುತ್ತಿರಲಿಲ್ಲ. ಮೂರು ಹೊತ್ತಿನ ಅನ್ನ, ಯಂತ್ರ, ವಿದ್ಯೆ, ಮಾನ, ಎಲ್ಲವನ್ನೂ ತನಗೆ ಕೊಟ್ಟದ್ದು ಆ ಸರಕಾರ ಎಂದು ಅವಳು ಮನಸಾರೆ ನಂಬಿದ್ದಳೆಂದೂ ಅವಳ ಬರಹದಿಂದ ತಿಳಿಯುತ್ತದೆ. ಹೆದರಿಕೆ ಎಷ್ಟು, ನಂಬಿಕೆ ಎಷ್ಟು ಎಂದು ಅಳೆಯಲು ನಾನು ಯಾರು? ಅಂಥ ಕಾಲದಲ್ಲಿ ಬಾಳದ ನನಗೆ ಅವಳನ್ನು ದೂಷಿಸುವುದು ಸುಲಭ. ದೂಷಿಸಲಾರೆ, ಆದರೆ ಮುಚ್ಚಿಡಲೂ ಆರೆ.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. 1939ರಲ್ಲಿ ಅವಳು ಮಾಸ್ಕೋದ ತಿಮಿರ್ಯಾಜೆವ್ ಕೃಷಿ ವಿದ್ಯಾಪೀಠದಲ್ಲಿ ಓದಲು ಸೇರಿದಳು. 1941ರ ಜೂನ್ 22ರಂದು ಹಿಟ್ಲರನ ಸೈನ್ಯ ರಷ್ಯದ ಮೇಲೆ ನುಗ್ಗಿತು. ಅವಳ ಸೀಮೆ ಶತ್ರುವಿನ ವಶವಾಗುವ ಮುನ್ನ ತನ್ನ ಪಡೆಯನ್ನೂ ಯಂತ್ರಗಳನ್ನೂ ಕಟ್ಟಿಕೊಂಡು ದೂರದ ಕಜಕಸ್ತಾನಕ್ಕೆ ಹೋದಳು. ಅಲ್ಲಿಯ ಚಳಿಗಾಳಿಯ ಬಯಲಿನಲ್ಲಿ ಉತ್ತು ಬಿತ್ತು ಸೈನ್ಯಕ್ಕೆ ಧಾನ್ಯ ಒದಗಿಸಿದಳು. ಗಂಡಸರೆಲ್ಲ ಯುದ್ಧಭೂಮಿಗೆ ಹೋಗಿದ್ದ ಆ ವರ್ಷಗಳಲ್ಲಿ ದೇಶದ ಹೊಲಗಳನ್ನು ಉತ್ತವರು ಹೆಂಗಸರು. ಅವರಲ್ಲಿ ಎಷ್ಟೋ ಮಂದಿ 1938ರ ಕರೆಗೆ ಓಗೊಟ್ಟು ಟ್ರಾಕ್ಟರು ಕಲಿತವರು. ಆ ಕರೆ ಪ್ರಚಾರಕ್ಕೆಂದೇ ಹುಟ್ಟಿದ್ದಿರಬಹುದು. ಆದರೆ ಅದರಿಂದ ಕೈಗೆ ಬಂದ ವಿದ್ಯೆ ನಿಜವಾದುದು. ಹಸಿದ ದೇಶಕ್ಕೆ ಅದು ಅನ್ನವಾಯಿತು.

1943ರಲ್ಲಿ ಊರು ಬಿಡುಗಡೆಯಾದ ಮೇಲೆ ಪಾಷಾ ಹಿಂದಿರುಗಿದಳು. 1946ರಲ್ಲಿ ಸ್ಟಾಲಿನ್ ಬಹುಮಾನ ಬಂತು. 1947ರಲ್ಲಿ ಒಮ್ಮೆ, 1958ರಲ್ಲಿ ಇನ್ನೊಮ್ಮೆ, ಹೀಗೆ ಎರಡು ಬಾರಿ ಸಮಾಜವಾದಿ ದುಡಿಮೆಯ ವೀರೆ ಎಂಬ ಬಿರುದು ಬಂತು. ಇಷ್ಟು ಬಿರುದುಗಳನ್ನು ಹೊತ್ತವಳು ಮಾಸ್ಕೋದಲ್ಲಿ ದೊಡ್ಡ ಹುದ್ದೆ ಹಿಡಿದು ಕೂರಬಹುದಾಗಿತ್ತು. ಅವಳು ಕಡೆಯವರೆಗೂ ತನ್ನ ಪಡೆಯ ಮುಖ್ಯಸ್ಥೆಯಾಗಿಯೇ ಉಳಿದಳು. ಸಭೆ ಮುಗಿದೊಡನೆ ಊರಿಗೆ ಬರುವುದು, ಹೊಲಕ್ಕೆ ಇಳಿಯುವುದು. ಅವಳ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದು.

ಮನೆಯಲ್ಲಿ ಮಾತ್ರ ಸುಖ ಕಡಮೆ. ಗಂಡ ಪಕ್ಷದ ಕೆಲಸಗಾರ. ಯುದ್ಧದಿಂದ ಗಾಯಗೊಂಡು ಬಂದವನು ಕುಡಿತಕ್ಕೆ ಬಿದ್ದ. ಸಂಸಾರ ಮುರಿಯಿತು. ತನ್ನ ಮೂವರು ಮಕ್ಕಳನ್ನೂ, ಸೋದರನ ಮಗನೊಬ್ಬನನ್ನೂ ಅವಳೇ ಸಾಕಿದಳು. ಕಿರಿಯ ಮಗಳಿಗೆ ಸ್ಟಾಲಿನನ ಹೆಸರನ್ನೇ ಇಟ್ಟಿದ್ದಳು. ದೇಶಕ್ಕೆಲ್ಲ ಮಾದರಿಯೆಂದು ಯಾರ ಚಿತ್ರವನ್ನು ಅಚ್ಚುಹಾಕುತ್ತಿದ್ದರೋ ಆಕೆ ಮನೆಗೆ ಬಂದರೆ ಸಾಮಾನ್ಯ ರೈತ ಹೆಂಗಸಿನ ದುಃಖವನ್ನೇ ಉಣ್ಣಬೇಕಾಗಿತ್ತು.

1959ರ ಜನವರಿ 21ರಂದು, ಕೇವಲ 46ನೆಯ ವಯಸ್ಸಿನಲ್ಲಿ, ಮಾಸ್ಕೋದಲ್ಲಿ ಅವಳು ತೀರಿಕೊಂಡಳು. ಯಕೃತ್ತಿನ ರೋಗ. ಮೂವತ್ತು ವರ್ಷ ಸೀಮೆಎಣ್ಣೆಯ ಹೊಗೆಯಲ್ಲಿ ದುಡಿದುದೇ ಅದಕ್ಕೆ ಮೂಲವೆಂದು ಹೇಳುವವರುಂಟು. ರಾಜಧಾನಿಯಲ್ಲಿ ಹೂಳದೆ, ಅವಳ ದೇಹವನ್ನು ಸ್ತಾರೊಬೆಶೆವೊಗೆ ತಂದು ಮಣ್ಣುಮಾಡಿದರು. ಅಲ್ಲಿ ಅವಳ ಹೆಸರಿನಲ್ಲಿ ವಸ್ತುಸಂಗ್ರಹಾಲಯವೂ ಕಂಚಿನ ಪ್ರತಿಮೆಯೂ ಆದವು. 1991ರಲ್ಲಿ ಸೋವಿಯತ್ ದೇಶವೇ ಒಡೆದು ಉಕ್ರೇನ್ ಸ್ವತಂತ್ರವಾಯಿತು. 2014ರಲ್ಲಿ ಯುದ್ಧ ಅವಳ ಊರಿಗೂ ಬಂತು. ಅವಳು ಉತ್ತ ಹೊಲಗಳ ಮೇಲೆ ಗುಂಡುಗಳು ಬಿದ್ದವು.

ಇಷ್ಟು ದೂರದ ಹೆಂಗಸಿನ ಕಥೆಯನ್ನು ಮಂಡ್ಯದ ಕಾಲೇಜಿನ ಪತ್ರಿಕೆಗೆ ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಕಾರಣವಿದೆ.

ಪಾಷಾ ಪಡೆ ಕಟ್ಟಿದ 1933ರಲ್ಲೇ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು, ರಾಗಿ ಬೆಳೆಯುತ್ತಿದ್ದ ಒಣ ಸೀಮೆ ಕಬ್ಬಿನ ಸೀಮೆಯಾಯಿತು. ನೀರು ಬಂತು, ಯಂತ್ರ ಬಂತು, ಹಣ ಬಂತು. ಆದರೆ ಯಂತ್ರವೂ ಹಣವೂ ಹೆಂಗಸಿನ ಕೈಗೆ ಬರಲಿಲ್ಲ. ಅವಳು 1938ರಲ್ಲಿ ಕರೆ ಕೊಟ್ಟಳು. ಅದೇ 1938ರ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಪಕ್ಕದ ಶಿವಪುರದಲ್ಲಿ ಜನ ಸರಕಾರದ ನಿಷೇಧವನ್ನು ಮುರಿದು ಧ್ವಜವನ್ನು ಏರಿಸಿದರು. ಬಸ್ಸಿನಲ್ಲಿ ಮದ್ದೂರು ಬಂದಾಗಲೆಲ್ಲ ನನಗೆ ಈ ಎರಡು 1938ಗಳು ಒಟ್ಟಿಗೆ ನೆನಪಾಗುತ್ತವೆ. ಅಲ್ಲಿ ಸರಕಾರ ಹೇಳಿದ್ದಕ್ಕೆ ಹೌದು ಎಂದು ಹೆಣ್ಣೊಬ್ಬಳು ಮೇಲೇರಿದಳು. ಇಲ್ಲಿ ಸರಕಾರ ಹೇಳಿದ್ದಕ್ಕೆ ಇಲ್ಲ ಎಂದು ಜನ ಎದ್ದು ನಿಂತರು.

ನಮ್ಮ ಅವ್ವನ ವಿಷಯ ಹೇಳಿ ಮುಗಿಸುತ್ತೇನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ಒಂದು ಎಕರೆ ಹತ್ತು ಗುಂಟೆಯ ಬೇಸಾಯವೆಲ್ಲ ಅವ್ವನದೇ. ರಾತ್ರಿ ಸರದಿಯಲ್ಲಿ ನೀರು ಬಂದರೆ ಬ್ಯಾಟರಿ ಹಿಡಿದು ಗದ್ದೆಗೆ ಹೋಗುವವಳು ಅವಳೇ. ಆದರೆ ಖಾತೆ ಇನ್ನೂ ತಾತನ ಹೆಸರಿನಲ್ಲಿದೆ. ಬೆಳೆಸಾಲಕ್ಕೆ ಹೋದರೆ ಪಹಣಿಯಲ್ಲಿ ನಿನ್ನ ಹೆಸರಿಲ್ಲ ಎಂದು ಹಿಂದಕ್ಕೆ ಕಳಿಸುತ್ತಾರೆ. ಕರ್ನಾಟಕದಲ್ಲಿ 1994ರಿಂದ, ದೇಶದಲ್ಲೆಲ್ಲ 2005ರಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ಪಾಲು ಎಂದು ಕಾನೂನಾಗಿದೆ. ಗಂಡನ ಪಾಲಿನಲ್ಲಿ ವಿಧವೆಗೆ ಹಕ್ಕಿರುವುದು ಅದಕ್ಕಿಂತಲೂ ಹಳೆಯದು. ಕಾನೂನು ತಲಪಿದ್ದರೂ ಕಾಗದ ನಮ್ಮ ಮನೆಗೆ ತಲಪಿಲ್ಲ.

ಕಳೆದ ಸಲ ಗ್ರಾಮಪಂಚಾಯಿತಿ ಚುನಾವಣೆಗೆ ನಮ್ಮ ಊರಿನ ಸ್ಥಾನ ಹೆಂಗಸರಿಗೆ ಮೀಸಲಾಯಿತು. 1987ರಲ್ಲಿ ನಾಲ್ಕರಲ್ಲಿ ಒಂದು ಪಾಲಿನಂತೆ ಆರಂಭವಾದ ಈ ಮೀಸಲಾತಿ ಈಗ ಅರ್ಧದಷ್ಟಾಗಿದೆ. ನಮ್ಮ ರಾಜ್ಯ ಹೆಮ್ಮೆಪಡತಕ್ಕ ಸಂಗತಿ. ಊರಿನ ನಾಲ್ಕು ಜನ ಹಿರಿಯರು ನಮ್ಮ ಜಗಲಿಗೆ ಬಂದರು. ಅವ್ವ ಹೆಸರಿಗೆ ನಿಂತರೆ ಸಾಕು, ಓಡಾಟವೆಲ್ಲ ತಾವು ನೋಡಿಕೊಳ್ಳುತ್ತೇವೆ, ಕೇಳಿದ ಕಡೆ ರುಜು ಹಾಕಿದರಾಯಿತು ಎಂದರು. ಅವ್ವ ಒಂದೇ ಪ್ರಶ್ನೆ ಕೇಳಿದಳು: ನಾಲೆಯ ಕೊನೆಯವರಿಗೆ ನೀರು ಬಾರದಿರುವುದನ್ನು ಸಭೆಯಲ್ಲಿ ತಾನು ಎತ್ತಬಹುದೇ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅದೆಲ್ಲ ಆಮೇಲೆ ನೋಡೋಣವೆಂದರು. ಅವ್ವ ಕಾಫಿ ಕೊಟ್ಟು ಕಳಿಸಿದಳು; ನಿಲ್ಲಲಿಲ್ಲ.

ಆಗ ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು. ಬಂದ ಪದವಿಯನ್ನು ಬಿಟ್ಟಳಲ್ಲಾ ಎಂದು ಎರಡು ದಿನ ಮಾತಾಡಲಿಲ್ಲ. ಪಾಷಾಳ ಚರಿತ್ರೆಯನ್ನು ಓದಿದ ಮೇಲೆ ಅವ್ವ ಕೇಳಿದ ಪ್ರಶ್ನೆಯ ಬೆಲೆ ತಿಳಿಯಿತು. ಪಾಷಾಳಿಗೆ ಯಂತ್ರವಿತ್ತು, ಓದಿತ್ತು, ಪೀಠವಿತ್ತು, ದೇಶವೆಲ್ಲ ತಿಳಿದ ಹೆಸರಿತ್ತು. ಇಲ್ಲ ಎನ್ನುವ ಸ್ವಾತಂತ್ರ್ಯವಿರಲಿಲ್ಲ. ನಮ್ಮ ಅವ್ವನಿಗೆ ಇಲ್ಲ ಎನ್ನುವ ಸ್ವಾತಂತ್ರ್ಯವಿದೆ. ಯಂತ್ರವಿಲ್ಲ, ಓದಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ದುಡಿಯುವ ಹೆಂಗಸಿಗೆ ಇವೆರಡೂ ಕೂಡಿ ಬರುವವರೆಗೆ ಅವಳು ಕುಳಿತ ಪೀಠ ಅವಳದಾಗುವುದಿಲ್ಲವೆಂದು ನನಗೆ ತೋರುತ್ತದೆ.

ಈ ವರ್ಷ ಪರೀಕ್ಷೆ ಮುಗಿದೊಡನೆ ನಾನು ಮೊದಲು ಮಾಡಬೇಕೆಂದಿರುವ ಕೆಲಸ ಖಾತೆಯ ಕಾಗದಗಳನ್ನು ಹಿಡಿದು ತಾಲ್ಲೂಕು ಕಚೇರಿಗೆ ಹೋಗುವುದು. ಅರ್ಜಿ ಬರೆಯುವಷ್ಟು ವಿದ್ಯೆಯನ್ನು ಈ ಕಾಲೇಜು ನನಗೆ ಕೊಟ್ಟಿದೆ. ಮುಂದಿನ ಚುನಾವಣೆಗೆ ಹಿರಿಯರು ಮತ್ತೆ ನಮ್ಮ ಜಗಲಿಗೆ ಬಂದರೆ, ಅವ್ವ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿ. ಆಗ ನಾನೂ ಅವಳ ಪಕ್ಕದಲ್ಲಿ ಕುಳಿತಿರುತ್ತೇನೆ.

ಸ್ತಾರೊಬೆಶೆವೊ ಊರನ್ನು ನಾನು ನೋಡಲಾರೆ. ಆದರೆ ಗದ್ದೆಯ ಬದುವಿನ ಮೇಲೆ ಬಾಡಿಗೆಯ ಟ್ರಾಕ್ಟರಿಗಾಗಿ ಕಾಯುತ್ತ ನಿಂತ ಅವ್ವನನ್ನು ನೋಡಿದಾಗಲೆಲ್ಲ, ಆ ದೂರದ ಬಯಲಿನಲ್ಲಿ ಹಿಡಿಕೆ ತಿರುಗಿಸುತ್ತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು ಕಣ್ಣಿಗೆ ಕಟ್ಟುತ್ತಾಳೆ. ಅವಳ ದುಡಿಮೆಗೆ ನಮಸ್ಕರಿಸುತ್ತೇನೆ. ಅವಳು ಆಡಲಾರದೆ ಹೋದ ಮಾತನ್ನೂ ನೆನೆಯುತ್ತೇನೆ.